ಭೈರಮ್ಮನ ಅಟ್ಟವೂ ಕೆಂಪಕ್ಕನ ಕಿಟಕಿಯೂ

ಭೈರಮ್ಮನನ್ನು ಬಾಗಿಲಿಂದಾಚೆ ಹಾಕುವ ಧೈರ್ಯ ದಬ್ಬೇಘಟ್ಟದ ಸುತ್ತಮುತ್ತ ಯಾರಿಗೂ ಇರಲಿಲ್ಲ. ಅವಳ ಅತ್ತೆ ಇದ್ದಾಗ ಒಂದು ಸಲ ಹಾಗೆ ಮಾಡಲು ಹೋಗಿ, ಕೊನೆಗೆ ತಾವೇ ಜಗಲಿಯ ಮೇಲೆ ಕೂತು, ಸೊಸೆ ಒಳಗಿಂದ ತಂದುಕೊಟ್ಟ ನೀರು ಕುಡಿದು ಸುಧಾರಿಸಿಕೊಂಡಿದ್ದರು. ಅಂಥ ಭೈರಮ್ಮನನ್ನು ಒಂದು ಶುಕ್ರವಾರ ಬೆಳಗ್ಗೆ, ಅವಳು ಹೊಸಲಿಗೆ ಅರಿಸಿನ ಕುಂಕುಮ ಇಟ್ಟು ಕಾಫಿ ಲೋಟ ಹಿಡಿದು ಕೂತ ಹೊತ್ತಿನಲ್ಲಿ, ಅಂಗೈಯಗಲದ ಫೋನು ಹೊರಗೆ ಹಾಕಿಬಿಟ್ಟಿತು.

ಫೋನು ಅಂದರೆ ಫೋನಲ್ಲ, ಅದರೊಳಗಿನ 'ಕಿಲಕಿಲ'. ಊರಿನವರ ಹರಟೆ, ನೆಂಟರ ಕ್ಷೇಮಸಮಾಚಾರ, ಯಾರ ಮನೆಯ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ, ಎಲ್ಲವೂ ಆ ಕಿಲಕಿಲದಲ್ಲೇ. ನೆಂಟರನ್ನೆಲ್ಲ ಸೇರಿಸಿ ಅದರಲ್ಲೊಂದು ಗುಂಪು ಕಟ್ಟಿದವಳೂ ಭೈರಮ್ಮನೇ. ಈಗ ನೋಡಿದರೆ 'ನಿಮ್ಮ ಖಾತೆಯನ್ನು ಮುಚ್ಚಲಾಗಿದೆ' ಅಂತ ಒಂದು ಸಾಲು. ಯಾಕೆ ಅಂತಿಲ್ಲ, ಯಾರು ಅಂತಿಲ್ಲ, ಯಾರನ್ನು ಕೇಳಬೇಕು ಅಂತಲೂ ಇಲ್ಲ. ಬೈಯುವುದಕ್ಕೂ ಒಂದು ಮುಖ ಬೇಡವೇ? ಬೆಳಗಿನ ಅರ್ಧ ಹೊತ್ತು ಅವಳು ಆ ಸಾಲಿನ ಮೇಲೆ ಬೆರಳು ಒತ್ತುತ್ತಲೇ ಇದ್ದಳು, ಒಳಗಿಂದ ಯಾರಾದರೂ ಬಂದು ಅಗುಳಿ ತೆಗೆಯುತ್ತಾರೇನೋ ಅನ್ನುವ ಹಾಗೆ.

ಅವಳು ಮಾಡಿದ್ದ ಅಪರಾಧ ಇಷ್ಟೇ. ನೊಣವಿನಕೆರೆಯಲ್ಲಿರುವ ತಮ್ಮ ಹನುಮಂತಯ್ಯನ ಮಗಳು ನಯನಳಿಗೆ ಗಂಡು ನೋಡುವ ಭಾರ ಸೋದರತ್ತೆ ಭೈರಮ್ಮನ ತಲೆಯ ಮೇಲೆ ಬಿದ್ದಿತ್ತು. (ಬಿದ್ದಿತ್ತು ಅನ್ನುವುದಕ್ಕಿಂತ, ಅವಳೇ ತಲೆ ಕೊಟ್ಟು ಎತ್ತಿಕೊಂಡಿದ್ದಳು.) ಹಿಂದಿನ ಸಂಜೆ ಹುಡುಗಿಯ ಫೋಟೋ, ಜಾತಕ, 'ಒಳ್ಳೆ ಕಡೆ ಗಂಡಿದ್ದರೆ ತಿಳಿಸಿ' ಎಂಬ ಒಕ್ಕಣೆ, ಮೂರನ್ನೂ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಕಳಿಸಿದ್ದಳು. ಗೊಬ್ಬರದ ಅಂಗಡಿಯವನಿಗೆ, ಬಸ್ ಕಂಡಕ್ಟರಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೂ ಹೋಗಿತ್ತು. ಎಲ್ಲೋ ಕೂತಿದ್ದ ಕಂಪನಿಗೆ ಇವಳು ಯಾರೋ ಮೋಸಗಾತಿಯ ಹಾಗೆ ಕಂಡಿರಬೇಕು. ಹೆಣ್ಣಿರುವವರು ಹತ್ತು ಬಾಗಿಲು ತಟ್ಟದೆ ಮದುವೆ ಆಗುತ್ತದೆಯೇ, ಇಷ್ಟೂ ತಿಳಿಯದವರು ಕಂಪನಿ ಯಾಕೆ ಇಡಬೇಕು ಅಂತ ಅವಳು ಗಂಡನನ್ನು ಕೇಳಿದಳು. ಶ್ರೀರಂಗಯ್ಯ, ಕಂಪನಿ ತಾನೇ ಇಟ್ಟವನ ಹಾಗೆ, ತಪ್ಪು ಒಪ್ಪಿಕೊಂಡ ಮುಖ ಮಾಡಿಕೊಂಡು ತೋಟಕ್ಕೆ ಹೊರಟುಹೋದ.

ಆಗ ಬಂದವನು ಸೂರ್ಯಪ್ರಕಾಶ. ಭೈರಮ್ಮನ ತಂಗಿಯ ಮಗ, ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಅವನಿಗೊಂದು ಹುಚ್ಚಿತ್ತು. ರಿಪೇರಿಗೆ ಬಂದವರನ್ನೆಲ್ಲ ಹಿಡಿದು ಕೂರಿಸಿ, ಕಿಲಕಿಲದಂಥ ಬೇಲಿ ಹಾಕಿದ ಜಾಗದಲ್ಲಿ ಮಾತಾಡಬೇಡಿ, ಬಯಲಿಗೆ ಬನ್ನಿ ಅಂತ ಬೋಧನೆ ಮಾಡುತ್ತಿದ್ದ. ಕಿಲಕಿಲದವರು ಕಿಲಕಿಲದವರ ಜೊತೆ ಮಾತ್ರ ಮಾತಾಡಬೇಕು, 'ಟಿಣ್‌ಟಿಣ್' ಇಟ್ಟುಕೊಂಡವರು ಟಿಣ್‌ಟಿಣ್‌ನವರ ಜೊತೆ ಮಾತ್ರ, ಯಜಮಾನ ಮನಸ್ಸು ಬಂದಾಗ ಯಾರನ್ನಾದರೂ ಆಚೆಗೆ ತಳ್ಳಬಹುದು, ಇದ್ಯಾವ ನ್ಯಾಯ ಅಂತ ಅವನ ವಾದ. ಅದರ ಬದಲಿಗೆ ಯಾರು ಬೇಕಾದರೂ ತಮ್ಮ ಮನೆಯಲ್ಲೇ ಒಂದು ಸಣ್ಣ ಪೆಟ್ಟಿಗೆ ಇಟ್ಟುಕೊಳ್ಳಬಹುದಂತೆ. ನಮ್ಮ ಮಾತು ನಮ್ಮ ಪೆಟ್ಟಿಗೆಯಲ್ಲಿ, ಅವರ ಮಾತು ಅವರ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡು ಮಾಡುತ್ತವೆ. ಎಲ್ಲಕ್ಕೂ ಮೇಲೆ ಒಬ್ಬ ಯಜಮಾನ ಅಂತ ಯಾರೂ ಇಲ್ಲ.

ತಿಪಟೂರಿನಲ್ಲಿ ಅವನ ಮಾತಿಗೆ ಎಲ್ಲರೂ ಹೂಂ ಅಂದು, ರಿಪೇರಿಯಾದ ಸಾಮಾನು ಎತ್ತಿಕೊಂಡು ಹೋಗುತ್ತಿದ್ದರು. ಭೈರಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಪೂರ್ತಿ ಕೇಳಿದಳು.

"ಅಂದ್ರೆ ಹೆಪ್ಪು ಇದ್ದಂಗೆ ಅನ್ನು," ಅಂದಳು.

ಸೂರ್ಯಪ್ರಕಾಶನಿಗೆ ಅರ್ಥವಾಗಲಿಲ್ಲ. ಭೈರಮ್ಮ ಬಿಡಿಸಿ ಹೇಳಿದಳು. ಪಕ್ಕದ ಮನೆ ಕೆಂಪಕ್ಕನ ಮೊಸರು ಹುಳಿಯಾದರೆ ನಮ್ಮ ಮನೆ ಹೆಪ್ಪು ಹೋಗುತ್ತದೆ, ನಮ್ಮದು ಕೆಟ್ಟರೆ ಅವಳ ಮನೆಯದು ಬರುತ್ತದೆ. ಗಡಿಗೆ ಅವರವರದ್ದು, ಮೊಸರು ಅವರವರದ್ದು, ಆದರೆ ಊರಲ್ಲಿ ಹೆಪ್ಪಿಲ್ಲದೆ ಕೂತ ಮನೆ ಒಂದೂ ಇಲ್ಲ. ಇಡೀ ಸೀಮೆಯ ಮೊಸರನ್ನೆಲ್ಲ ಒಬ್ಬನೇ ತನ್ನ ಗಡಿಗೆಯಲ್ಲಿ ತುಂಬಿಕೊಂಡು, ಮನಸ್ಸು ಬಂದರೆ ಕೊಡ್ತೀನಿ, ಬರದಿದ್ದರೆ ಇಲ್ಲ ಅಂದರೆ ಅದು ಮೊಸರಲ್ಲ, ದರ್ಬಾರು.

"ದೊಡ್ಡಮ್ಮ, ಇದನ್ನ ನಾನು ನಮ್ಮ ಅಂಗಡೀಲಿ ಹೇಳ್ಕೊಬಹುದಾ?" ಅಂತ ಸೂರ್ಯಪ್ರಕಾಶ ಕೇಳಿದ. ಧಾರಾಳವಾಗಿ ಹೇಳು ಅಂತ ಭೈರಮ್ಮ ಅಪ್ಪಣೆ ಕೊಟ್ಟಳು.

ಮುಂದಿನ ವಾರವೇ ಪೆಟ್ಟಿಗೆ ಬಂತು. ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮೈಮೇಲೆ ಒಂದು ಹಸಿರು ದೀಪ. ಗಾಳಿಯಾಡುವ ಕಡೆ ಇಡಿ ಅಂತ ಸೂರ್ಯಪ್ರಕಾಶ ಹೇಳಿದ. ಭೈರಮ್ಮ ಮನೆಯೆಲ್ಲ ಸುತ್ತಿದಳು. ನಡುಮನೆಯಲ್ಲಿ ಇಟ್ಟರೆ ಯಾರಾದರೂ ಕೈ ಹಾಕುತ್ತಾರೆ, ದೇವರ ಗೂಡಿನಲ್ಲಿ ಎಣ್ಣೆ, ಅಡುಗೆಮನೆಯಲ್ಲಿ ಒಗ್ಗರಣೆ. ಕೊನೆಗೆ ಅವಳ ಕಣ್ಣು ಮೇಲಕ್ಕೆ ಹೋಯಿತು, ಅಟ್ಟದ ಕಡೆ. ಈ ಸೀಮೆಯಲ್ಲಿ ಅಟ್ಟ ಅಂದರೆ ಬ್ಯಾಂಕಿನ ಲಾಕರಿಗಿಂತ ಹೆಚ್ಚು. ಬಲಿತ ಕಾಯನ್ನು ಕೊಬ್ಬರಿಗೆ ಅಂತ ಅಟ್ಟ ಹತ್ತಿಸಿದರೆ ಅದು ಒಳಗೇ ನೀರಾರಿ, ಗಿಟುಕಾಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ತನಕ ಅಲ್ಲಿಗೆ ಯಾರೂ ಹೋಗುವುದಿಲ್ಲ. ಕದಲಿಸಿದರೆ ಕೊಬ್ಬರಿ ಕೆಟ್ಟೀತು ಅಂತ ಭಯ. ಅಷ್ಟು ಬೆಚ್ಚಗೆ, ಅಷ್ಟು ಒಣಗಿ, ಅಷ್ಟು ಭದ್ರವಾಗಿರುವ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಕಾಯಿಯನ್ನೇ ವರ್ಷಗಟ್ಟಲೆ ಕಾಪಾಡುವ ಅಟ್ಟ ಮಾತನ್ನು ಕಾಪಾಡುವುದಿಲ್ಲವೇ ಅಂತ ಅವಳ ಲೆಕ್ಕ. ಸೂರ್ಯಪ್ರಕಾಶ ತಲೆ ಕೆರೆದುಕೊಂಡ. ಆದರೆ ದೊಡ್ಡಮ್ಮನಿಗೆ ಎದುರು ಹೇಳುವುದು ಅವನ ಬೋಧನೆಯಲ್ಲಿ ಎಲ್ಲೂ ಇರಲಿಲ್ಲ. ಏಣಿ ಹತ್ತಿ, ಒಂದು ಕಾಯಿಯೂ ಕದಲದ ಹಾಗೆ ರಾಶಿಯ ನಡುವೆ ಪೆಟ್ಟಿಗೆ ಕೂರಿಸಿ, ವೈರು ಇಳಿಬಿಟ್ಟು ಬಂದ.

ತೊಂದರೆ ಮಾರನೆಯ ಬೆಳಗ್ಗೆಯೇ ಗೊತ್ತಾಯಿತು. ಅಟ್ಟದ ಕೆಳಗೇ ಬಚ್ಚಲು, ಬಚ್ಚಲಲ್ಲಿ ಹಂಡೆ, ಹಂಡೆಯ ಕೆಳಗೆ ಒಲೆ. ಶ್ರೀರಂಗಯ್ಯನಿಗೆ ಜೀವನದಲ್ಲಿ ಬೇರೆ ಚಟವಿಲ್ಲ. ಬೀಡಿಯಿಲ್ಲ, ಇಸ್ಪೀಟಿಲ್ಲ. ಬೆಳಗಾದರೆ ತೆಂಗಿನ ಮಟ್ಟೆ ಉರಿಸಿ, ಹಂಡೆ ತುಂಬ ನೀರು ಕುದಿಸಿ, ಕೆಂಪಗೆ ಬೆಂದು ಬರುವ ತನಕ ಹುಯ್ದುಕೊಳ್ಳಬೇಕು, ಅಷ್ಟೇ. ಆ ಹೊಗೆಯೂ ಶಾಖವೂ ನೆಟ್ಟಗೆ ಅಟ್ಟಕ್ಕೆ ಹೋದವು. ಪೆಟ್ಟಿಗೆ ಉಸಿರುಕಟ್ಟಿ ಮಲಗಿತು. ಒಲೆ ಆರಿ, ಅಟ್ಟ ತಣ್ಣಗಾದ ಮೇಲೆ ಎದ್ದಿತು. ಹೀಗೆ ದಿನಾ. ಆ ಪೆಟ್ಟಿಗೆಗೆ ಸೇರಿದ್ದ ನೆಂಟರಿಗೆಲ್ಲ ಕೆಲವೇ ದಿನದಲ್ಲಿ ಶ್ರೀರಂಗಯ್ಯನ ಸ್ನಾನದ ಹೊತ್ತು ಗೊತ್ತಾಗಿಹೋಯಿತು. ನೊಣವಿನಕೆರೆಯಲ್ಲಿ ನಯನ ಫೋನು ನೋಡಿ, "ಅಪ್ಪಾ, ಮಾವ ಬಚ್ಚಲಿಗೆ ಹೋದ್ರು," ಅನ್ನುತ್ತಿದ್ದಳಂತೆ.

ಮನೆತನದ ಮರ್ಯಾದೆ ಪ್ರಶ್ನೆ. ಭೈರಮ್ಮ ಹಂಡೆ ಒಲೆ ಹಚ್ಚಕೂಡದೆಂದು ಆಜ್ಞೆ ಹೊರಡಿಸಿದಳು.

"ಹೊಗೆ ಇಲ್ದಿದ್ರೆ ಕೊಬ್ಬರಿ ಕೆಡ್ತದೆ ಕಣೇ," ಅಂದ ಶ್ರೀರಂಗಯ್ಯ.

"ನೀವು ಬೇಯೋದಕ್ಕೆ ಕೊಬ್ಬರಿ ನೆಪ ಯಾಕ್ರೀ? ಗ್ಯಾಸಿನ ಮೇಲೆ ಒಂದು ಪಾತ್ರೆ ಕಾಯಿಸಿ ಕೊಡ್ತೀನಿ, ಮುಖ ಮೈ ಒರೆಸ್ಕೊಳ್ಳಿ."

"ಒರೆಸ್ಕೊಳ್ಳಾಕೆ ನಾನೇನು ಸ್ಲೇಟಾ?"

ಸ್ಲೇಟೇ ಆದ ಪಾಪ. ಅಂದಿನಿಂದ ಒಂದು ಪಾತ್ರೆ ನೀರು, ಅದರ ಮೇಲೆ ಎರಡು ಬಕೆಟ್ಟು ತಣ್ಣೀರು. ಬಚ್ಚಲಿಂದ ಬರುತ್ತಿದ್ದ 'ಅಯ್ಯೋ ದೇವರೇ' ಅನ್ನುವ ಶಬ್ದ ಕೇಳಿ ಬೀದಿಯವರು ಶ್ರೀರಂಗಯ್ಯನಿಗೆ ಭಕ್ತಿ ಹೆಚ್ಚಾಗಿದೆ ಅಂದುಕೊಂಡರು.

ಪೆಟ್ಟಿಗೆಗೆ ಜನ ಸೇರಿಸುವ ಕೆಲಸಕ್ಕೆ ಭೈರಮ್ಮ ಡೈರಿಗೆ ಹಾಲು ಹಾಕಲು ಹೋದಲ್ಲೆಲ್ಲ, ಹಿಟ್ಟಿನ ಗಿರಣಿಯ ಮುಂದೆ ನಿಂತಲ್ಲೆಲ್ಲ ಹೆಪ್ಪಿನ ಉಪನ್ಯಾಸ ಕೊಟ್ಟಳು. ಕಿಲಕಿಲದವರು ನನಗೆ ಮಾಡಿದ್ದು ನಾಳೆ ನಿಮಗೂ ಮಾಡಿಯಾರು ಅಂದಳು. ಜನ ಬಂದರು. ಅವರವರ ಮನೆಯಲ್ಲೂ ಒಂದೊಂದು ಪೆಟ್ಟಿಗೆ ಇಡಲಿ, ಅದೇ ಇದರ ಮೂಲ ತತ್ವ ಅಂತ ಸೂರ್ಯಪ್ರಕಾಶ ನೆನಪಿಸಿದ. ಯಾಕೆ, ನಮ್ಮ ಅಟ್ಟದಲ್ಲಿ ಜಾಗ ಇಲ್ಲವಾ ಅಂತ ಭೈರಮ್ಮ ಕೇಳಿದಳು. ಊರಿನ ಮಾತೆಲ್ಲ ತನ್ನ ತಲೆಯ ಮೇಲಿನ ಅಟ್ಟದಲ್ಲಿದೆ ಅನ್ನುವುದು ಅವಳಿಗೆ ಹಿತವಾಗಿತ್ತು.

ಹೀಗೆ ಬಯಲಲ್ಲಿ ಮಾತಾಡಿದ್ದಕ್ಕೆ ಫಲವೂ ಸಿಕ್ಕಿತು. ಚಿಕ್ಕನಾಯಕನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದ ಕಂದಿಕೆರೆಯ ಹುಡುಗ ಅರುಣ್ ಕುಮಾರ್, ಸೂರ್ಯಪ್ರಕಾಶನ ಸ್ನೇಹಿತ. ತನ್ನ ಅಂಗಡಿಯಲ್ಲಿ ತಾನೇ ಒಂದು ಪೆಟ್ಟಿಗೆ ಇಟ್ಟಿದ್ದ. ಅವನ ತಾಯಿ ರಂಗಮ್ಮ ಆ ಪೆಟ್ಟಿಗೆಯಿಂದ, ಭೈರಮ್ಮ ಈ ಪೆಟ್ಟಿಗೆಯಿಂದ ಮಾತಿಗೆ ಮಾತು ಬೆಳೆಸಿ ಜಾತಕ ಕೂಡಿಸಿದರು. ಕಿಲಕಿಲದಲ್ಲಿ ನೂರು ಕಡೆ ಕಳಿಸಿ ಸಿಗದ ಗಂಡು ಹೆಪ್ಪಿನ ದಾರಿಯಲ್ಲಿ ಸಿಕ್ಕಿತು ಅಂತ ಭೈರಮ್ಮ ಹಿಗ್ಗಿದಳು. ಹಿಗ್ಗಿದವಳು ಸುಮ್ಮನಿರಬಾರದೇ. ಪೆಟ್ಟಿಗೆಗೆ ಕಟ್ಟುಪಾಡು ಮಾಡಿದಳು. ಬೆಳಗಾದರೆ ಹೂವಿನ ಚಿತ್ರ ಕಳಿಸಕೂಡದು. ಮಧ್ಯಾಹ್ನ ತಾನು ಮಲಗುವ ಹೊತ್ತಲ್ಲಿ ಯಾರೂ ಮಾತಾಡಕೂಡದು. ಮೊಮ್ಮಕ್ಕಳ ಕುಣಿತ ಕಳಿಸುವವರು ಮುಂಚೆ ಕೇಳಬೇಕು.

ಕಟ್ಟುಪಾಡನ್ನು ಮೊದಲು ಮುರಿದವಳು ಕೆಂಪಕ್ಕ. ಕಂದಿಕೆರೆಯೇ ಅವಳ ತವರು, ಅಲ್ಲಿಂದ ಮದುವೆಯಾಗಿ ಬಂದ ದಿನದಿಂದ ಭೈರಮ್ಮನ ಬೇಲಿಯ ಆಚೆ ಕಡೆಯವಳು. ದಿನಾ ಬೆಳಗ್ಗೆ ಹೂವಿನ ಚಿತ್ರ ತಪ್ಪದೆ ಕಳಿಸುತ್ತಿದ್ದಳು. ಅದನ್ನೂ ಭೈರಮ್ಮ ಸಹಿಸಿದ್ದಳು. ಆದರೆ ಒಂದು ದಿನ, ಭೈರಮ್ಮ ತಾನು ಹೊಸದಾಗಿ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ಜಾಡಿಯ ಫೋಟೋ ಗುಂಪಿಗೆ ಹಾಕಿದಾಗ, ಎಲ್ಲರೂ ಬಾಯಲ್ಲಿ ನೀರು ಬಂತು ಅಂದರೆ ಕೆಂಪಕ್ಕ ಮಾತ್ರ 'ಉಪ್ಪು ಕಮ್ಮಿ ಆದಂಗೈತೆ' ಅಂತ ಬರೆದಳು.

ಫೋಟೋ ನೋಡಿ ಉಪ್ಪು ಹೇಳುವ ನಾಲಿಗೆ ಎಲ್ಲಿಯದು ಅಂತ ಭೈರಮ್ಮ ಬೇಲಿಯ ಹತ್ತಿರ ಹೋಗಿ ಕೇಳಿದಳು. ಬಣ್ಣ ನೋಡಿದರೆ ಗೊತ್ತಾಗುತ್ತದೆ ಅಂತ ಕೆಂಪಕ್ಕ ಅಂದಳು. ಅಲ್ಲಿಂದ ಮಾತು ಉಪ್ಪಿನಕಾಯಿ ಬಿಟ್ಟು ಇಬ್ಬರ ತವರಿಗೂ ಹೋಗಿ ಬಂತು. ಕೊನೆಗೆ, ನಮ್ಮ ಹೊಸಲು ತುಳೀಬೇಡ ಅಂತ ಹೇಳಿ ಭೈರಮ್ಮ ಒಳಗೆ ಬಂದು, ಬೇಡದವರನ್ನು ತೆಗೆಯಲು ಸೂರ್ಯಪ್ರಕಾಶ ತೋರಿಸಿಕೊಟ್ಟಿದ್ದ ಗುಂಡಿ ಒತ್ತಿದಳು. ಕೆಂಪಕ್ಕ ಪೆಟ್ಟಿಗೆಯಿಂದ ಗಡೀಪಾರಾದಳು.

ಸುದ್ದಿ ಕೇಳಿ ಸೂರ್ಯಪ್ರಕಾಶ ತಿಪಟೂರಿಂದ ಫೋನು ಮಾಡಿದ. "ಅಲ್ಲ ದೊಡ್ಡಮ್ಮ, ಕಿಲಕಿಲದೋರು ನಿಮಗೆ ಮಾಡಿದ್ದೂ ಇದೇ ಅಲ್ವಾ?"

"ಎಲ್ಲಾದ್ರೂ ಉಂಟಾ? ಅವರು ಕಾರಣ ಹೇಳ್ದೆ ಹೊರಗೆ ಹಾಕಿದ್ರು. ನಾನು ಬೇಲಿ ತಂಕ ಹೋಗಿ, ಕಾರಣ ಹೇಳಿ, ಬೈದು, ಆಮೇಲೆ ಹಾಕಿದೀನಿ."

ಅವನು ಮುಂದಿನ ಸಲ ಊರಿಗೆ ಬಂದಾಗ ಕೆಂಪಕ್ಕನ ನಡುಮನೆಯ ಕಿಟಕಿಯ ಮೇಲೆ, ಗಾಳಿಗೆ, ಅಂಥದೇ ಒಂದು ಪೆಟ್ಟಿಗೆ ಕೂರಿಸಿ ಹೋದ. ಒಂದು ಕಡೆ ಬೇಡ ಅಂದರೆ ಇನ್ನೊಂದು ಕಡೆ ಇದ್ದುಕೊಂಡೇ ಎಲ್ಲರ ಜೊತೆ ಮಾತಾಡಬಹುದು, ಈ ಏರ್ಪಾಟಿನ ಹೆಚ್ಚುಗಾರಿಕೆಯೇ ಅದು ಅಂದನಂತೆ. ಭೈರಮ್ಮ ಅವನಿಗೂ ಬೈದಳು. ಸ್ವಂತ ದೊಡ್ಡಮ್ಮನ ಅಟ್ಟ ಬಿಟ್ಟು ಪರರ ಕಿಟಕಿ ಸೇರಿದವನು ಅಂದಳು. ಅವನು ಬೇಜಾರು ಮಾಡಿಕೊಂಡು ಬರುವುದನ್ನು ಬಿಟ್ಟ.

ಹುಡುಗಿ ನೋಡುವ ಶಾಸ್ತ್ರ ನೊಣವಿನಕೆರೆಯಲ್ಲಿ ಆಯಿತು. ಭೈರಮ್ಮ ಹಿಂದಿನ ದಿನವೇ ಬಸ್ಸು ಹತ್ತಿ ಹೋಗಿ, ಕಜ್ಜಾಯದ ಪಾಕ ತಾನೇ ಹಿಡಿದಿದ್ದಳು. ಶ್ರೀರಂಗಯ್ಯ ಮಾರನೆಯ ದಿನ ಬಂದ. ಅವನ ಮುಖ ಹುಣಿಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಭೈರಮ್ಮನಿಗೆ ಹೆಮ್ಮೆಯಾಯಿತು, ತಣ್ಣೀರು ಸ್ನಾನದಿಂದ ಎಷ್ಟು ಕಳೆ ಬಂದಿದೆ ನೋಡಿ ಅಂತ ಬೀಗರಾಗುವವರ ಮುಂದೆಯೇ ಹೇಳಿದಳು. ಶ್ರೀರಂಗಯ್ಯ ಕಜ್ಜಾಯ ಬಾಯಿಗಿಟ್ಟುಕೊಂಡು ಆ ಪ್ರಸಂಗದಿಂದ ಪಾರಾದ.

ಹುಡುಗ ಹಿತ್ತಲಲ್ಲಿ ನಯನಳ ಹತ್ತಿರ ನಾಲ್ಕು ಮಾತಾಡಿದ. ಏನು ಮಾತಾಡಿದರೋ, ಒಳಗೆ ಬಂದ ಹುಡುಗಿ ಕಾಫಿಗೆ ಸಕ್ಕರೆ ಬದಲು ರವೆ ಹಾಕಿದಳು. ಹೊರಡುವಾಗ ರಂಗಮ್ಮ, ಮನೆಯಲ್ಲಿ ಕೂತು ಮಾತಾಡಿ ಪೆಟ್ಟಿಗೆಯಲ್ಲೇ ಹೇಳಿ ಕಳಿಸುತ್ತೇವೆ ಅಂದರು. ಹೆಣ್ಣು ನೋಡಿ ಹೋದ ಮೇಲೆ ಗಂಡಿನವರೇ ಮೊದಲು ಬಾಯಿ ಬಿಡಬೇಕು, ಅದೂ ಸಂಬಂಧ ತಂದವರಿಗೇ ಹೇಳಬೇಕು. ಹೆಣ್ಣಿನ ಕಡೆಯವರು ಫೋನು ಮಾಡಿ ಏನಾಯ್ತು ಅಂತ ಕೇಳಿದರೆ, ಹೆಣ್ಣಿಗೆ ಬೇರೆ ಗತಿಯಿಲ್ಲ ಅಂತ ತಾವೇ ಸಾರಿದ ಹಾಗೆ. ಹಾಗಾಗಿ ಭೈರಮ್ಮ ಮನೆಗೆ ಬಂದು ಫೋನು ಕೈಯಲ್ಲಿ ಹಿಡಿದು ಕೂತಳು.

ಏನೂ ಬರಲಿಲ್ಲ. ರಂಗಮ್ಮನದು ಮಾತ್ರ ಅಲ್ಲ, ಯಾರದೂ ಬರಲಿಲ್ಲ. ಬೆಳಗಿನ ಹೂವಿಲ್ಲ, ಮೊಮ್ಮಕ್ಕಳ ಕುಣಿತವಿಲ್ಲ, ಮಧ್ಯಾಹ್ನದ ಹೊತ್ತಲ್ಲಿ ಒಂದು ಕೆಮ್ಮೂ ಇಲ್ಲ. ಮೊದಲೆರಡು ದಿನ ಭೈರಮ್ಮನಿಗೆ ಸಂತೋಷವಾಯಿತು. ಕೆಂಪಕ್ಕನನ್ನು ಹೊರಗೆ ಹಾಕಿದ್ದು ನೋಡಿ ಮಿಕ್ಕವರಿಗೆ ಬುದ್ಧಿ ಬಂದಿದೆ, ಕಟ್ಟುಪಾಡು ನಾಟಿದೆ ಅಂದುಕೊಂಡಳು. ಫೋನಿನಲ್ಲಿ ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು. ನಯನ ಒಂದು ಸಲ ಫೋನು ಮಾಡಿ, "ಅತ್ತೆ, ಪೆಟ್ಟಿಗೆ ಚಕ್ರ ತಿರುಗ್ತಾನೇ ಐತಲ್ಲ," ಅಂದಳು.

"ತಿರುಗ್ಲಿ ಬುಡವ್ವ. ಗಾಣ ತಿರುಗಿದ್ರೆ ತಾನೇ ಎಣ್ಣೆ? ನಿಂತ್ರೆ ಹೇಳು."

ಹುಡುಗಿ ಮತ್ತೆ ಕೇಳಲಿಲ್ಲ. ಆದರೆ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು, ಅನ್ನವನ್ನು ಕಲಸಿದ್ದೇ ಕಲಸಿ ಹಾಗೇ ಏಳುತ್ತಾಳೆ ಅಂತ ಹನುಮಂತಯ್ಯ ಹೇಳಿದ. ಅವನು ಬಸ್ಸು ಹಿಡಿದು ಬಂದು ಜಗಲಿಯ ಮೇಲೆ ಕೂತು, ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಹೇಳಿದ್ದು. "ಅಕ್ಕ, ಈ ಹುಡುಗ ಅವಳಿಗೆ ಮನಸ್ಸಿಗೆ ಬಂದವ್ನೆ. ಇಷ್ಟು ದಿನ ಸುಮ್ನಿದ್ದಾರೆ ಅಂದ್ರೆ ಬೇಡ ಅಂತಲೇ ಅಲ್ವಾ? ನೀನು ತಂದ ಸಂಬಂಧ ಅಂತ ನಾನು ಹಿಂದೆ ಮುಂದೆ ವಿಚಾರಿಸಲಿಲ್ಲ."

ಅವನು ಬೈದಿದ್ದರೆ ಭೈರಮ್ಮನಿಗೆ ಉತ್ತರ ಗೊತ್ತಿತ್ತು. ಬೈಯಲಿಲ್ಲ. ಅವನು ಹೋದ ಮೇಲೆ ಅವಳು ಆ ಚಕ್ರವನ್ನೇ ನೋಡುತ್ತ ಕೂತಳು. ಕಜ್ಜಾಯ ಗಟ್ಟಿಯಾಗಿತ್ತೇ? ತಾನು ಬಾಯಿ ಹೆಚ್ಚಾಡಿದೆನೇ? ತಣ್ಣೀರಿನ ವಿಷಯ ಎತ್ತಬಾರದಿತ್ತೇನೋ, ಸೌದೆಗೂ ಗತಿಯಿಲ್ಲದವರು ಅಂದುಕೊಂಡರೇನೋ.

ಈ ನಡುವೆ ಕೆಂಪಕ್ಕ ಬೇಲಿಯ ಹತ್ತಿರ ಬಂದು ನಿಂತು ಫೋನು ಮೇಲೆತ್ತಿ ಏನೋ ಕೂಗುತ್ತಿದ್ದಳು. ತನ್ನ ಪೆಟ್ಟಿಗೆ ಎಷ್ಟು ಚೆನ್ನಾಗಿದೆ ಅಂತ ತೋರಿಸಲು ಬಂದಿದ್ದಾಳೆ ಅಂತ ಭೈರಮ್ಮ ಒಳಗೆ ಹೋಗಿ ಮಿಕ್ಸಿ ಹಾಕಿದಳು. ಮಿಕ್ಸಿಯೊಳಗೆ ಏನೂ ಇರಲಿಲ್ಲ. ಮಾರನೆಯ ದಿನವೂ ಕೆಂಪಕ್ಕ ಬಂದಳು. ಮಾರನೆಯ ದಿನವೂ ಮಿಕ್ಸಿ ಬರಿಗಾಳಿ ರುಬ್ಬಿತು.

ಅದರ ಮಾರನೆಯ ಬೆಳಗ್ಗೆ ಡೈರಿಯಲ್ಲಿ ಭೈರಮ್ಮ ಹಾಲು ಹಾಕಲು ನಿಂತಾಗ, ಗುಜುಗುಜು ಅನ್ನುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಮುಖ ತಿರುಗಿಸಿದರು. ಬೀದಿಗೆಲ್ಲ ಹಿರಿಯಳಾದ ಹುಚ್ಚಕ್ಕ ಮಾತ್ರ ಮುಖ ತಿರುಗಿಸಲಿಲ್ಲ. "ಅಲ್ಲ ಕಣೇ ಭೈರಿ, ಕೆಂಪಿ ಏನೋ ಉಪ್ಪಿನ ಮಾತಾಡಿದ್ಲು, ಹೊರಗೆ ಹಾಕ್ದೆ. ನಾವೆಲ್ಲ ಏನು ಮಾಡಿದ್ವಿ ನಿನಗೆ?"

"ನಿಮ್ಮನ್ನ ಯಾರು ಹೊರಗೆ ಹಾಕಿದ್ರು?"

"ಇನ್ಯಾರು, ನೀನೇ. ನೀನು ನೊಣವಿನಕೆರೆಗೆ ಹೋದಾಗಿಂದ ಒಂದು ಮಾತು ಹೋಗ್ತಿಲ್ಲ, ಬರ್ತಿಲ್ಲ. ಬೀದಿಗೆ ಬೀದೀನೇ ತೆಗೆದು ಹಾಕವ್ಳೆ ಅಂತ ನಾವೆಲ್ಲ ಕೆಂಪಿ ಕಿಟಕಿಗೆ ಹೋದ್ವಿ. ನಿನ್ನ ತಂಗಿ ಮಗನೂ ಹಂಗೇ ಅಂದ್ಕೊಂಡವ್ನೆ."

ಭೈರಮ್ಮ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಬಂದಳು. ಕಾಯಿ ಅಟ್ಟದಲ್ಲಿರುವಾಗ ಏಣಿ ಮುಟ್ಟಬಾರದು ಅನ್ನುವುದನ್ನೂ ಮರೆತು ಹತ್ತಿದಳು. ಅಲ್ಲಿ ಕಾಯಿ ರಾಶಿಯ ನಡುವೆ, ಮೈಯೆಲ್ಲ ಮಸಿ ಬಳಿದುಕೊಂಡು, ದೀಪ ಆರಿ, ಪೆಟ್ಟಿಗೆ ಕಾಯಿಗಳ ಜೊತೆ ತಾನೂ ಒಂದು ಕಾಯಾಗಿ ಕೂತಿತ್ತು. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಕೊಬ್ಬರಿಯಾಗಿದೆ ಅಂತ ಲೊಟಲೊಟ ಶಬ್ದವೇ ಹೇಳಿತು.

ಕೆಳಗೆ ಶ್ರೀರಂಗಯ್ಯ ಏಣಿ ಹಿಡಿದು ನಿಂತಿದ್ದ. ಕೇಳುವ ಮೊದಲೇ ಒಪ್ಪಿಕೊಂಡ. ಹೆಣ್ಣು ನೋಡುವ ಶಾಸ್ತ್ರಕ್ಕೆ ಬರುವ ದಿನ ಬೆಳಗ್ಗೆ, ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ತಲೆಯಿಂದ ಕಾಲಿನ ತನಕ ಹರಳೆಣ್ಣೆ ತಿಕ್ಕಿಕೊಂಡು, ಇಷ್ಟು ದಿನದ ಬಾಕಿಯೆಲ್ಲ ತೀರುವ ಹಾಗೆ ಎರಡು ಹಂಡೆ ನೀರು ಕಾಯಿಸಿ ಹುಯ್ದುಕೊಂಡಿದ್ದ. "ಬೀಗರ ಮುಂದೆ ಸ್ವಲ್ಪ ಕಳೆಯಾಗಿ ಕಾಣಾನ ಅಂತ ಕಣೇ," ಅಂದ.

ಭೈರಮ್ಮ ಅವನಿಗೆ ಬೈಯಲಿಲ್ಲ, ಬೈಯಲು ಪುರಸೊತ್ತಿರಲಿಲ್ಲ. ಲೆಕ್ಕ ಈಗ ಹೊಳೆಯಿತು. ಪೆಟ್ಟಿಗೆ ಸತ್ತದ್ದು ಹೆಣ್ಣು ನೋಡಿದ ದಿನವೇ. ರಂಗಮ್ಮ ಹೇಳಿ ಕಳಿಸಿದ್ದರೆ ಅದು ಎಲ್ಲಿಗೆ ಬಂದೀತು? ಊರವರಿಗೆಲ್ಲ ತಾನು ಹೊರಗೆ ಹಾಕಿದ ಹಾಗೆ ಕಂಡಿದ್ದರೆ ಕಂದಿಕೆರೆಯವರಿಗೆ ಏನು ಕಂಡಿರಬೇಕು? ಅವಳು ಮಸಿಗೈಯಲ್ಲೇ ಬೇಲಿ ದಾಟಿ ಕೆಂಪಕ್ಕನ ಹೊಸಲಿನ ಮುಂದೆ ನಿಂತಳು. ಒಳಗೆ ಕಾಲಿಡಲಿಲ್ಲ.

ಕೆಂಪಕ್ಕ ರಾಗಿ ಕೇರುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಕೇರಿದಳು. "ಮಿಕ್ಸಿ ರಿಪೇರಿಗೆ ಬಂತಾ ಭೈರಕ್ಕ? ಎರಡು ದಿವಸದಿಂದ ಒಂದೇ ಸಮ ಓಡ್ತಿತ್ತು."

"ನನ್ನ ಪೆಟ್ಟಿಗೆ ಸತ್ತೋಗೈತೆ ಕೆಂಪಕ್ಕ. ಯಾರನ್ನೂ ನಾನು ಹೊರಗೆ ಹಾಕಿಲ್ಲ." ಹೊಸಲ ಕಡೆ ನೋಡಿ, "ನಿನ್ನ ಬಿಟ್ಟು," ಅಂತ ಸೇರಿಸಿದಳು.

ಕೆಂಪಕ್ಕ ಮೊರ ಕೆಳಗಿಟ್ಟಳು. ಕಣ್ಣಿಗೆ ಕನ್ನಡಕ ಹಾಕಿಕೊಂಡಳು, ಫೋನು ದೂರ ಹಿಡಿದಳು, ಹತ್ತಿರ ಹಿಡಿದಳು. ಕೊನೆಗೆ ಓದಿದಳು. ರಂಗಮ್ಮ ಬರೆದದ್ದು.

"'ಕೆಂಪಕ್ಕ, ನೀನು ನಮ್ಮೂರ ಮಗಳು ಅಂತ ನಿನ್ನನ್ನ ಕೇಳ್ತಾ ಇದೀನಿ. ಹುಡುಗಿ ನಮಗೆಲ್ಲ ಬಹಳ ಒಪ್ಪಿಗೆ. ಅರುಣನಂತೂ ಬೇರೆ ಮಾತೇ ಆಡ್ತಿಲ್ಲ. ಆದ್ರೆ ಹೇಳಿ ಕಳಿಸಿದ್ದೆಲ್ಲ ವಾಪಸ್ ಬರ್ತಾ ಐತೆ. ಭೈರಮ್ಮನೋರು ನಮ್ಮನ್ನ ತೆಗೆದು ಹಾಕಿದಂಗೆ ಕಾಣ್ತದೆ. ಹುಡುಗನಲ್ಲಿ ಏನು ಕುಂದು ಕಂಡ್ರು? ಬೇಡ ಅನ್ನೋದಾದ್ರೆ ತಿಳಿಸು, ಇನ್ನೊಂದು ಜಾತಕ ಬಂದು ಕೂತೈತೆ.'"

ಭೈರಮ್ಮ ಹೊಸಲ ಮೇಲೆ ಕೂತುಬಿಟ್ಟಳು. ಕೂತದ್ದು ಯಾರ ಹೊಸಲು ಅನ್ನುವುದೂ ಅವಳಿಗೆ ನೆನಪಿರಲಿಲ್ಲ. ಇನ್ನೊಂದು ಜಾತಕಕ್ಕೆ ಏನಾಯಿತು ಅಂತ ಕೇಳಬೇಕು, ಬಾಯಿ ಬರಲಿಲ್ಲ. ಈ ಬಾಯಿ ಬರದೆ ಹೋದದ್ದು ಅದೇ ಮೊದಲು, ಹಾಗಾಗಿ ಕೆಂಪಕ್ಕನಿಗೂ ಸ್ವಲ್ಪ ಗಾಬರಿಯಾಯಿತು.

"ಕುಡಿಯಾಕೆ ನೀರು ಕೊಡ್ಲಾ?" ಅಂದಳು. "ಅಷ್ಟಕ್ಕೆಲ್ಲ ಕೂರಬೇಡ. ನಾನು ಬರೆದಿದ್ದೀನಿ ತಗೋ."

ಬರೆದದ್ದನ್ನೂ ಓದಿದಳು. ಭೈರಕ್ಕ ಬಾಯಿಜೋರಿನ ಹೆಂಗಸು, ಅದನ್ನು ಮುಚ್ಚಿಡುವುದಿಲ್ಲ. ತನಗೆ ಟೈಫಾಯ್ಡ್ ಬಂದು ಮಲಗಿದ್ದಾಗ ತನ್ನ ಹಸು ಕರೆದು, ತನ್ನ ಮಕ್ಕಳಿಗೆ ಉಣ್ಣಿಸಿ, ತನ್ನ ಗಂಡನ ಅಂಗಿಯನ್ನೂ ಒಗೆದು ಹಾಕಿದವಳು ಅವಳೇ. ಎದ್ದು ಓಡಾಡುವ ತನಕ ಎಲ್ಲವನ್ನೂ ಬೈದುಕೊಂಡೇ ಮಾಡಿದಳು. ಯಾರನ್ನಾದರೂ ಬೇಡ ಅನ್ನುವುದಾದರೆ ಅವಳು ಸುಮ್ಮನಿರುವವಳಲ್ಲ, ಕಂದಿಕೆರೆಗೇ ಬಂದು ಹೇಳುವವಳು. ಬಂದಿಲ್ಲ ಅಂದರೆ ಬೇಡ ಅಂದಿಲ್ಲ ಅಂತಲೇ ಅರ್ಥ. ಎರಡು ದಿನ ತಡೆಯಿರಿ, ಅವಳ ಮಿಕ್ಸಿ ನಿಂತ ಕೂಡಲೇ ಕೇಳಿ ಹೇಳುತ್ತೇನೆ.

ನಯನಳ ಗುಣನಡತೆಗೆ ತಾನು ಹೊಣೆ ಅಂತ ಎಷ್ಟೋ ಮನೆ ಮುಂದೆ ಎದೆ ತಟ್ಟಿಕೊಂಡಿದ್ದವಳು ಭೈರಮ್ಮ. ಈಗ ಭೈರಮ್ಮನ ಗುಣನಡತೆಗೆ ಹೊಣೆ ಹೊತ್ತವಳು ಕೆಂಪಕ್ಕ.

"ಅದಕ್ಕೆ ಅವರು ಏನಂದ್ರು?" ಅಂತ ಭೈರಮ್ಮ ಕೊನೆಗೆ ಕೇಳಿದಳು.

"ಏನಂತಾರೆ. 'ಮನೇಲಿ ಬೈಯೋರೊಬ್ರು ಇರ್ಬೇಕು ಬುಡು, ನಮ್ಮ ಕಡೆ ಯಾರೂ ಇಲ್ಲ' ಅಂದ್ರು. ಆ ಜಾತಕನ ಹಂಗೇ ಮಡಚಿ ಇಟ್ಟವ್ರೆ. ನೀನು ಹೂಂ ಅಂದ್ರೆ ಬುಧವಾರ ಮಾತುಕತೆಗೆ ಬತ್ತಾರೆ. ಹೂಂ ಅಂತೀಯೋ ಇಲ್ಲವೋ?"

ಭೈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಯ ಮಸಿಯೆಲ್ಲ ಮುಖಕ್ಕೆ ಬಂತು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಗಿ, ಅಳುವೋ ನಗುವೋ ತಿಳಿಯದ ಒಂದು ಶಬ್ದ ಬಂತು. ಅದು ನಗುವೇ ಇರಬೇಕು ಅಂತ ಕೆಂಪಕ್ಕ ತಾನೂ ನಕ್ಕಳು. ನೊಣವಿನಕೆರೆಗೆ ಫೋನು ಮಾಡಿದರೆ ನಯನ ಎತ್ತಿದಳು. ಅತ್ತೆ ಹೇಳಿದ್ದನ್ನು ಪೂರ್ತಿ ಕೇಳದೆ, ಅಪ್ಪನನ್ನು ಕೂಗುತ್ತ, ಫೋನನ್ನು ಎಲ್ಲೋ ಇಟ್ಟೇ ಓಡಿಹೋದಳು.

ಇನ್ನು ಕಂದಿಕೆರೆಗೆ ಉತ್ತರ ಹೋಗಬೇಕು. ಅದನ್ನು ತಾನೇ ಬರೆಯಬೇಕು, ಸಂಬಂಧ ತಂದವಳು ತಾನು. ಆದರೆ ಬರೆಯುವುದಕ್ಕೆ ಪೆಟ್ಟಿಗೆ ಎಲ್ಲಿದೆ? ಭೈರಮ್ಮ ಕಿಟಕಿಯ ಕಡೆ ನೋಡಿದಳು. ಅಲ್ಲಿ ಗಾಳಿಗೆ ಮೈಯೊಡ್ಡಿ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. ಒಂದು ಜಾಗ ಕೊಡು ಅಂತ ಕೇಳಬೇಕಾಗಿತ್ತು. ಅವಳು ಕಿಟಕಿ ಚೆನ್ನಾಗಿದೆ ಅಂದಳು, ರಾಗಿಯೂ ಚೆನ್ನಾಗಿದೆ ಅಂದಳು.

"ನಿನ್ನ ಹೆಸರಲ್ಲಿ ಜಾಗ ಐತೆ," ಅಂದಳು ಕೆಂಪಕ್ಕ. "ಪೆಟ್ಟಿಗೆ ತಂದ ದಿವಸವೇ ಸೂರ್ಯಪ್ರಕಾಶನಿಗೆ ಹೇಳಿ ಹಾಕಿಸಿಟ್ಟಿದ್ದೆ. ನನ್ನ ಹೆಸರು ಮೊದಲನೇದು, ನಿಂದು ಎರಡನೇದು. ಗುಟ್ಟಿನ ಪದ ಮಾತ್ರ ನೀನೇ ಇಟ್ಕೊ, ನಾನು ನೋಡಲ್ಲ." ಅಂದು ಗೋಡೆಯ ಕಡೆ ತಿರುಗಿ ನಿಂತಳು.

ಭೈರಮ್ಮ ಬಹಳ ಹೊತ್ತು ಅಕ್ಷರ ಹುಡುಕಿ ಹುಡುಕಿ, 'ನಮಗೂ ಒಪ್ಪಿಗೆ. ಬುಧವಾರ ಬನ್ನಿ. ನಮ್ಮ ಕಡೆಯಿಂದ ತಪ್ಪಾಯ್ತು' ಅಂತ ಕುಟ್ಟಿದಳು. ಕಳಿಸಿದ ಮೇಲೆ ನೋಡಿದರೆ, ತಾನು ಬರೆಯದ ಒಂದು ಸಾಲು ಮೇಲೆ ತಾನಾಗಿಯೇ ಸೇರಿಕೊಂಡಿತ್ತು: ಭೈರಮ್ಮ, ಕೆಂಪಕ್ಕನ ಮನೆ. ಯಾರ ಪೆಟ್ಟಿಗೆಯಿಂದ ಹೋಯಿತೋ ಆ ಮನೆಯ ಹೆಸರು ಹೋಗುತ್ತದೆ, ಅಳಿಸಲು ಬರುವುದಿಲ್ಲ ಅಂತ ಕೆಂಪಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಊರಿಗೆ ಊರೇ ತನ್ನ ಅಟ್ಟದಲ್ಲಿದೆ ಅಂತ ಮೆರೆದವಳಿಗೆ ಬಂದ ವಿಳಾಸ ಇದು. ಬೀಗರಾಗುವವರು ಏನಂದುಕೊಂಡಾರು ಅಂತ ಅವಳು ಇನ್ನೂ ಹಲ್ಲು ಕಚ್ಚಿಕೊಂಡು ಕೂತಿರುವಾಗಲೇ ಕಂದಿಕೆರೆಯಿಂದ ಉತ್ತರ ಬಂತು.

'ಯಾವ ಮನೆಯಿಂದ ಬಂದ್ರೇನು ಭೈರಮ್ಮನೋರೆ, ಮಾತು ಬಂತಲ್ಲ.'